‘ಕುಡುಕ’ ಎನ್ನಿಸಿಕೊಳ್ಳುವ ಮೊದಲು

ಬ್ರಿಟನ್ನಿಗೆ ಬಂದ ಹೊಸದರಲ್ಲಿ ವೈದ್ಯರ ಬಳಿ ಹೆಸರು ನೋಂದಾಯಿಸಲು ಹೋದಾಗ ಕೈಗೆ ಕೊಟ್ಟ ಅರ್ಜಿಯಲ್ಲಿ, ಮದ್ಯವನ್ನು ಎಷ್ಟು ಸಲ ಸೇವಿಸುತ್ತೀರಿ, ಕುಡಿಯುವ ದಿನ ಎಷ್ಟು ಯೂನಿಟ್ ಆಗುತ್ತದೆ ಎಂಬ ಪ್ರಶ್ನೆಗಳಿದ್ದವು. ಅಪರೂಪಕ್ಕೊಮ್ಮೆ ಕುಡಿಯುವ ನಾನು ಕೂಡ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಬೆಳೆದ ಮನೆಯಲ್ಲಿ ಈ ವಿಷಯಕ್ಕೆ ಇದ್ದದ್ದು ಎರಡೇ ಮಾತು: ಒಬ್ಬನು ಕುಡಿಯುತ್ತಾನೆ, ಇಲ್ಲವೇ ಕುಡಿಯುವುದಿಲ್ಲ. ಎಷ್ಟು ಎಂದು ಯಾರೂ ಯಾರನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಇಲ್ಲಿ ಯೂನಿಟ್ ಎಂದರೆ 10 ಮಿಲಿಲೀಟರ್, ಅಂದರೆ 8 ಗ್ರಾಂ ಶುದ್ಧ ಆಲ್ಕೋಹಾಲ್. ವಾರಕ್ಕೆ 14 ಯೂನಿಟ್ ದಾಟದಿರುವುದು ಒಳ್ಳೆಯದೆಂದು 2016ರಿಂದ ಗಂಡಸರಿಗೂ ಹೆಂಗಸರಿಗೂ ಒಂದೇ ಸಲಹೆಯಿದೆ. ನಮ್ಮಲ್ಲಿ ‘ಲಿಮಿಟ್‌ನಲ್ಲಿ ತಗೊಳ್ತಾನೆ’ ಎನ್ನುವ ಮಾತೊಂದಿದೆ. ಆ ಲಿಮಿಟ್ ಎಷ್ಟೆಂದು ಕುಡಿಯುವವನಿಗೂ ಗೊತ್ತಿರುವುದಿಲ್ಲ, ಹಾಗೆ ಹೇಳಿ ಸಮಾಧಾನಪಟ್ಟುಕೊಳ್ಳುವ ಹೆಂಡತಿಗೂ ಗೊತ್ತಿರುವುದಿಲ್ಲ. ‘ಲಿಮಿಟ್‌ನಲ್ಲಿ’ ಇದ್ದವನು ‘ಕುಡುಕ’ ಎನ್ನಿಸಿಕೊಳ್ಳುವವರೆಗಿನ ಹತ್ತು ಹದಿನೈದು ವರ್ಷಗಳಿಗೆ ನಮ್ಮ ಮನೆಮಾತಿನಲ್ಲಿ ಹೆಸರೇ ಇಲ್ಲ. ವ್ಯಸನ ಬಲಿಯುವುದು ಆ ವರ್ಷಗಳಲ್ಲಿಯೇ.

ನನ್ನ ಚಿಕ್ಕಪ್ಪನ ವಿಷಯದಲ್ಲಿ ಆದದ್ದು ಇದೇ. ಅವರು ಬೆಳಿಗ್ಗೆ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತರುತ್ತಿದ್ದರು. ಸಂಜೆಯ ಹೊತ್ತಿಗೆ ಅದೇ ಕೈ ನಡುಗದೆ ಲೆಕ್ಕದ ಪುಸ್ತಕ ಬರೆಯುತ್ತಿತ್ತು. ಬೆಳಗಿನ ಆ ನಡುಕವನ್ನು ನಾವೆಲ್ಲ ನಿಶ್ಶಕ್ತಿ ಎಂದುಕೊಂಡಿದ್ದೆವು. ಕೊನೆಗೆ ಅಜ್ಜಿ ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಿದರು, ಚಿಕ್ಕಪ್ಪ ಅಂದಿನಿಂದಲೇ ಪೂರ್ತಿ ನಿಲ್ಲಿಸಿದರು, ಎರಡನೆಯ ದಿನ ನಡುಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಇದು ಕುಡಿತದ ಫಲ ಎಂದು ಎಲ್ಲರೂ ಅಂದರು. ಅದು ಕುಡಿತ ಥಟ್ಟನೆ ನಿಂತದ್ದರ ಫಲ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಮದ್ಯವು ಮಿದುಳನ್ನು ಶಾಂತಗೊಳಿಸುವ ‘ಗಾಬಾ’ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸಿ, ಉದ್ರೇಕಿಸುವ ಗ್ಲುಟಮೇಟ್‌ನ ಕೆಲಸವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಹೀಗಾದಾಗ ಮಿದುಳು ಸಮತೋಲಕ್ಕಾಗಿ ತನ್ನ ಉದ್ರೇಕವನ್ನೇ ಏರಿಸಿಕೊಂಡಿರುತ್ತದೆ. ಮದ್ಯವನ್ನು ಒಮ್ಮೆಲೇ ತೆಗೆದರೆ ಆ ಉದ್ರೇಕಕ್ಕೆ ತಡೆ ಇಲ್ಲವಾಗಿ ನಡುಕ, ಬೆವರು, ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಆಮೇಲೆ ಕೆಲವರಲ್ಲಿ ಭ್ರಮೆ ಬೆರೆತ ಸನ್ನಿ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಆದ್ದರಿಂದಲೇ ತೀವ್ರವಾಗಿ ಅವಲಂಬಿತರಾದವರಿಗೆ ವೈದ್ಯರು ಕೆಲವು ದಿನ ಶಮನಕಾರಿ ಮಾತ್ರೆ ಕೊಟ್ಟು ಅದರ ಪ್ರಮಾಣವನ್ನು ಇಳಿಸುತ್ತ ಬರುತ್ತಾರೆ, ಮಿದುಳಿಗೆ ಶಾಶ್ವತ ಹಾನಿಯಾಗದಿರಲೆಂದು ಬಿ1 ಜೀವಸತ್ವ ಕೊಡುತ್ತಾರೆ. ಪ್ರೀತಿಯಿಂದ ಆಣೆ ಮಾಡಿಸಿದ ಅಜ್ಜಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಕಾರಣ ಕೇಳಿದರೆ ನಮ್ಮವರು ಕೆಟ್ಟ ಸಹವಾಸ ಎನ್ನುತ್ತಾರೆ, ಮನಸ್ಸು ಗಟ್ಟಿಯಿಲ್ಲ ಎನ್ನುತ್ತಾರೆ. ಸಹವಾಸದ ಪಾತ್ರ ಇದ್ದೇ ಇದೆ. ಆದರೆ ವ್ಯಸನಕ್ಕೆ ಬೀಳುವ ಸಂಭವದಲ್ಲಿ ಸುಮಾರು ಅರ್ಧದಷ್ಟು ಪಾಲು ಅನುವಂಶೀಯತೆಯದೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಎಳೆಯ ವಯಸ್ಸಿನಲ್ಲೇ ಕುಡಿತ ಆರಂಭಿಸುವುದು, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ಖಿನ್ನತೆ, ಆತಂಕ, ಕೈಗೆ ಸುಲಭವಾಗಿ ಸಿಗುವ ಮದ್ಯ, ಇವೆಲ್ಲ ಅದರ ಮೇಲೆ ಬಂದು ಕೂಡುತ್ತವೆ. ನಿದ್ರೆ ಬರಲೆಂದು ಆರಂಭಿಸಿದ ಕುಡಿತವು ನಿದ್ರೆಯನ್ನೇ ಕೆಡಿಸಿ ಇನ್ನಷ್ಟು ಕುಡಿಸುತ್ತದೆ.

ಪರಿಣಾಮವೆಂದರೆ ನಮಗೆ ನೆನಪಾಗುವುದು ಲಿವರ್ ಒಂದೇ. ಮದ್ಯವು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 1988ರಲ್ಲೇ ಹೇಳಿದೆ. ಬಾಯಿ, ಅನ್ನನಾಳ, ದೊಡ್ಡಕರುಳು, ಹೆಂಗಸರ ಸ್ತನ, ಎಲ್ಲವೂ ಈಗ ಆ ವಿಭಾಗದ ಪಟ್ಟಿಯಲ್ಲಿವೆ. ಅದೇ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಜನ ಮದ್ಯದ ಕಾರಣದಿಂದ ಸತ್ತರು. ಅಪ್ಪ ಗೇಟು ತೆರೆಯುವ ಸದ್ದಿನಿಂದಲೇ ಇಂದಿನ ರಾತ್ರಿ ಹೇಗಿರುತ್ತದೆಂದು ಊಹಿಸಲು ಕಲಿತ ಮಕ್ಕಳು ಈ ಲೆಕ್ಕದಲ್ಲಿ ಸೇರಿಲ್ಲ.

ಬ್ರಿಟನ್ನಿನ ರೀತಿಯೇ ಸರಿಯೆಂದು ನಾನು ಹೇಳುತ್ತಿಲ್ಲ. ಇಷ್ಟೆಲ್ಲ ಕೇಳಿಯೂ 2023ರಲ್ಲಿ ಇಲ್ಲಿ ನೇರವಾಗಿ ಮದ್ಯದಿಂದಲೇ 10 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಒಬ್ಬನ ಖಾಸಗಿ ವಿಷಯಕ್ಕೆ ಕೈ ಹಾಕಬಾರದೆಂಬ ಇಲ್ಲಿನ ಸಂಕೋಚದಲ್ಲಿ ಎಷ್ಟೋ ಜನ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಕುಡಿದು ಒಬ್ಬರೇ ಬೀಳುತ್ತಾರೆ. ಚಿಕ್ಕಪ್ಪ ಬಿದ್ದಾಗ ಎತ್ತಲು ಆರು ಜನ ಇದ್ದರು. ಅವರು ಇಂದಿಗೂ ಬದುಕಿರುವುದು ಅದರಿಂದಲೇ. ಆ ಆರು ಜನರಿಗೆ ಇಲ್ಲಿನ ಆ ಅರ್ಜಿಯ ಪ್ರಶ್ನೆಗಳು ಗೊತ್ತಿದ್ದರೆ ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಅಂಥವೇ ಪ್ರಶ್ನೆಗಳಿರುವ, ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಅದರಲ್ಲಿ ಒಂದು, ಬೆಳಿಗ್ಗೆ ಎದ್ದು ಕುಡಿಯದೆ ಆಗಲಿಲ್ಲ ಎನ್ನುವಂತೆ ಎಷ್ಟು ಸಲ ಆಯಿತು ಎಂಬುದು. ಹತ್ತರಲ್ಲಿ ಯಾವುದೂ ‘ನೀನು ಕುಡುಕನೇ’ ಎಂದು ಕೇಳುವುದಿಲ್ಲ.

ಕಳೆದ ತಿಂಗಳು ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದ್ದೆ. ಅವನೂ ‘ಲಿಮಿಟ್‌ನಲ್ಲಿ’ ಇದ್ದಾನೆಂದು ಮನೆಯವರು ಹೇಳುತ್ತಾರೆ. ಬುದ್ಧಿ ಹೇಳಲಿಲ್ಲ, ಆಣೆ ಕೇಳಲಿಲ್ಲ, ವಾರಕ್ಕೆ ಎಷ್ಟು ದಿನ ಎಂದಷ್ಟೇ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಐದು... ಇಲ್ಲ ಅಣ್ಣ, ಏಳೂ ದಿನ’ ಎಂದ.