ಕಾರ್ನ್‌ಫ್ಲೋರ್ ಬೇಡವೇ ಬೇಡ
ಶಾಂಘೈ ಕಡೆಯ ಕೆಸುವಿನ ಗಡ್ಡೆ-ಸೊಪ್ಪಿನ ಸೂಪಿಗೆ ಕಾರ್ನ್‌ಫ್ಲೋರ್ ಹಾಕಿ ಮಂದ ಮಾಡಿ ಅಂತ ನಿಮ್ಮ ರೆಸಿಪಿಲಿ ಬರ್ದಿದೀರ, ದಯವಿಟ್ಟು ಬೇಡ ಸರ್, ಗಡ್ಡೆ ಚೆನ್ನಾಗಿ ಬೆಂದ್ರೆ ಅದರ ಲೋಳೆ, ಪಿಷ್ಟ ಎಲ್ಲಾ ನೀರಿಗೆ ಬಿಟ್ಕೊಂಡು ತಾನೇ ಮಂದ ಆಗತ್ತೆ, ಆ ಮನೆಯಡುಗೆಯ ರುಚಿ ಇರೋದೇ ಅದ್ರಲ್ಲಿ. ಸಣ್ಣ ಗಡ್ಡೇನೇ ತಗೊಳ್ಳಿ. ಸಿಪ್ಪೆ ಸಮೇತ ಸ್ವಲ್ಪ ಬೇಯಿಸಿ ಸುಲಿದ್ರೆ ಕೈ ಅಷ್ಟು ತುರಿಸಲ್ಲ, ಆಮೇಲೆ ಎಣ್ಣೇಲಿ ಸ್ಪ್ರಿಂಗ್ ಆನಿಯನ್ ಜೊತೆ ಬಾಡಿಸಿ, ಬಿಸಿನೀರು ಹಾಕಿ 15-20 ನಿಮಿಷ ಕುದಿಸಿ. ಬಾಕ್ ಚಾಯ್ (ಎಲೆಕೋಸಿನ ಜಾತಿಯ ಚೀನೀ ಸೊಪ್ಪು) ಕೊನೇ 2 ನಿಮಿಷ ಮಾತ್ರ, ಮುಚ್ಚಳ ಮುಚ್ಚಿದ್ರೆ ಹಸಿರು ಹೋಗತ್ತೆ. ಉಪ್ಪು, ಬಿಳಿ ಮೆಣಸಿನ ಪುಡಿ ಸಾಕು, ಸೋಯಾ ಸಾಸ್ ಬಣ್ಣ ಕೆಡಿಸತ್ತೆ. ಗಡ್ಡೆ ಅರೆಬೆಂದಿದ್ರೆ ಗಂಟಲು ಕೆರೆಯತ್ತೆ, ಕ್ಯಾಲ್ಸಿಯಂ ಆಕ್ಸಲೇಟ್ ಅನ್ನೋ ಸೂಜಿಯಂಥ ಸಣ್ಣ ಹರಳು ಇರತ್ತಲ್ಲ, ಮಕ್ಕಳಿಗೆ ಕೊಡೋ ಮುಂಚೆ ಪೂರ್ತಿ ಬೆಂದಿದ್ಯಾ ಅಂತ ಒಂದು ತುಂಡು ಹಿಸುಕಿ ನೋಡಿ.