ಜರ್ಮನಿಯ ಕೈಬಿಟ್ಟ ಫಿನ್ಲೆಂಡ್: 1944ರ ನಿರ್ಧಾರ ಸರಿಯೇ?

ಪರ: ಉಳಿಯಲು ಇದ್ದದ್ದು ಅದೊಂದೇ ದಾರಿ

ಫಿನ್ಲೆಂಡಿನ ಜನಸಂಖ್ಯೆ ಆಗ ನಲವತ್ತು ಲಕ್ಷವೂ ಇರಲಿಲ್ಲ. 1939ರಲ್ಲಿ ಸೋವಿಯತ್ ಸೇನೆ ಮೇಲೆ ಬಿದ್ದಾಗ ಹಿಟ್ಲರ್ ಸುಮ್ಮನಿದ್ದ. ಅದಕ್ಕೂ ಮೊದಲೇ ಸ್ಟಾಲಿನ್ ಜೊತೆ ಒಪ್ಪಂದ ಮಾಡಿಕೊಂಡು ಈ ದೇಶವನ್ನು ಅವನ ಪಾಲಿಗೆ ಬಿಟ್ಟಿದ್ದ. ಆ ಯುದ್ಧದಲ್ಲಿ ಕಳೆದುಕೊಂಡ ನೆಲಕ್ಕಾಗಿ 1941ರಲ್ಲಿ ಫಿನ್ನರು ಜರ್ಮನಿಯ ಜೊತೆ ಸೇರಿದ್ದು ನಿಜ. ಹಾಗಂತ ಸೋಲುತ್ತಿರುವವನ ಜೊತೆ ಇಡೀ ದೇಶವೇ ಸಾಯಬೇಕಿತ್ತಾ?

ಜರ್ಮನಿಯನ್ನು ಬಿಟ್ಟು ಸೋವಿಯತ್ ಒಕ್ಕೂಟದ ಜೊತೆ 1944ರ ಸೆಪ್ಟೆಂಬರ್ 19ರಂದು ಮಾಡಿಕೊಂಡ ಮಾಸ್ಕೋ ಕದನವಿರಾಮ ಒಪ್ಪಂದದ ಷರತ್ತುಗಳು ಕಠಿಣವಾಗಿದ್ದವು. ಉತ್ತರ ತುದಿಯ ಪೆಟ್ಸಾಮೊ ಪ್ರದೇಶ ಹೋಯಿತು. ಪೂರ್ವ ಗಡಿಯ ಕರೇಲಿಯಾದ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಊರು ಬಿಟ್ಟರು. 30 ಕೋಟಿ ಡಾಲರ್ ಪರಿಹಾರ ಬೇರೆ. ಆದರೂ ಹೆಲ್ಸಿಂಕಿಗೆ ಸೋವಿಯತ್ ಸೇನೆ ನುಗ್ಗಲಿಲ್ಲ. 1945ರ ಮಾರ್ಚ್‌ನಲ್ಲಿ ಚುನಾವಣೆಯೂ ನಡೆಯಿತು. ಕೊಲ್ಲಿಯ ಆಚೆಗಿದ್ದ ಎಸ್ಟೋನಿಯಾಕ್ಕೆ ಆ ಭಾಗ್ಯ ಸಿಗಲಿಲ್ಲ. 1944ರ ಅಕ್ಟೋಬರ್‌ನಲ್ಲಿ ಯುದ್ಧದಿಂದ ಹೊರಬರಲು ನೋಡಿದ, ಜರ್ಮನಿಯ ಇನ್ನೊಂದು ಮಿತ್ರದೇಶ ಹಂಗೇರಿಯನ್ನು ಜರ್ಮನರು ಬಿಡಲಿಲ್ಲ. ಅದರ ರಾಜಧಾನಿ ಬುಡಾಪೆಸ್ಟ್ ಸುಮಾರು 50 ದಿನ ಮುತ್ತಿಗೆಯಲ್ಲಿ ನರಳಿತು.

ವಿರೋಧ: ಬೆಲೆ ತೆತ್ತವರು ಬಡ ಉತ್ತರದವರು

ಯುದ್ಧದಿಂದ ಹೊರಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಹೊರಬಂದ ರೀತಿ ನನಗೆ ಒಪ್ಪಿಗೆಯಿಲ್ಲ.

1944ರ ಜೂನ್ 26ರಂದು ಫಿನ್ಲೆಂಡಿನ ಅಧ್ಯಕ್ಷ ರಿಸ್ತೊ ರೂತಿ ಹಿಟ್ಲರನಿಗೆ ಪತ್ರ ಬರೆದು ಮಾತು ಕೊಟ್ಟರು: ನಿಮ್ಮನ್ನು ಬಿಟ್ಟು ಬೇರೆ ಸಂಧಿ ಮಾಡಿಕೊಳ್ಳುವುದಿಲ್ಲ. ಟ್ಯಾಂಕ್ ಒಡೆಯುವ ಜರ್ಮನ್ ಆಯುಧಗಳು, ವಿಮಾನಗಳು ಯುದ್ಧಭೂಮಿಗೆ ನೆರವಾದವು. ಕರೇಲಿಯಾದ ತಾಲಿ-ಇಹಂತಲಾ ಕದನದಲ್ಲಿ ಸೋವಿಯತ್ ಮುನ್ನಡೆ ನಿಂತಿತು. ಆಗಸ್ಟ್ 1ಕ್ಕೆ ರೂತಿ ರಾಜೀನಾಮೆ. ಪತ್ರದಲ್ಲಿ ಕೊಟ್ಟದ್ದು ಅವರ ಸ್ವಂತ ಮಾತು, ದೇಶದ್ದಲ್ಲ ಎಂಬ ವಾದ ಹುಟ್ಟಿತು. ಆಯುಧ ಮಾತ್ರ ಇಡೀ ದೇಶಕ್ಕೇ ಬಂದಿತ್ತು, ಅಲ್ವಾ?

ಅದಕ್ಕಿಂತ ನನ್ನನ್ನು ಕಾಡುವುದು ಉತ್ತರದ ಲ್ಯಾಪ್‌ಲೆಂಡ್ ಪ್ರಾಂತ್ಯ. ಅಲ್ಲಿದ್ದ ಎರಡು ಲಕ್ಷದಷ್ಟು ಜರ್ಮನ್ ಸೈನಿಕರನ್ನು ಫಿನ್ನರೇ ಓಡಿಸಬೇಕೆಂಬುದು ಮಾಸ್ಕೋದ ಷರತ್ತು. ಮೊದಮೊದಲು ಎರಡೂ ಸೇನೆಗಳು ಗುಟ್ಟಾಗಿ ಮಾತಾಡಿಕೊಂಡವು: ಜರ್ಮನರು ಹಿಂದೆ ಸರಿಯಲಿ, ಫಿನ್ನರು ನಿಧಾನವಾಗಿ ಅವರ ಬೆನ್ನಿಗೇ ಬರಲಿ. ಸೋವಿಯತ್ ಒತ್ತಡ ಜಾಸ್ತಿಯಾಯಿತು. ಅಕ್ಟೋಬರ್ 1ರಂದು ಫಿನ್ನರು ಸಮುದ್ರದ ದಾರಿಯಿಂದ ಸ್ವೀಡನ್ ಗಡಿಯ ತೊರ್ನಿಯೊ ಪಟ್ಟಣಕ್ಕೆ ಬಂದಿಳಿದು ಜರ್ಮನರ ಮೇಲೆ ಬಿದ್ದರು. ಆಮೇಲೆ ಜರ್ಮನ್ ಜನರಲ್ ಲೋಥಾರ್ ರೆಂಡುಲಿಕ್‌ನ ಸೇನೆ ಹೋದ ದಾರಿಯಲ್ಲೆಲ್ಲ ಸೇತುವೆ ಉರುಳಿಸಿತು, ಮನೆ ಸುಟ್ಟಿತು. ರೊವಾನಿಯೆಮಿ ಪಟ್ಟಣ ಬಹುತೇಕ ಬೂದಿಯಾಯಿತು.

ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟಿದ್ದರು. ಅರ್ಧಕ್ಕೂ ಜಾಸ್ತಿ ಜನ ದನಕರು ಹೊಡೆದುಕೊಂಡು ಗಡಿ ದಾಟಿ ಸ್ವೀಡನ್ನಿಗೆ ಹೋದರು. ವಾಪಸ್ ಬಂದಾಗ ಎಷ್ಟೋ ಕಡೆ ನಿಂತಿದ್ದದ್ದು ಒಲೆಯ ಹೊಗೆಗೂಡು ಮಾತ್ರ. ಮಣ್ಣಲ್ಲಿ ಹೂತಿದ್ದ ನೆಲಬಾಂಬುಗಳು ಯುದ್ಧ ಮುಗಿದ ಮೇಲೂ ಜೀವ ತೆಗೆದವು.