ಮುಚ್ಚಳ ಎಲ್ಲಿಡಲಿ?

ರಾತ್ರಿ ಎರಡು ಗಂಟೆಗೆ ಟಾಯ್ಲೆಟ್ಟಿನಿಂದ ಸುಂಯ್ ಅಂತ ಸದ್ದು ಬಂತು. ಫ್ಲಶ್ ಟ್ಯಾಂಕಿಗೆ ನೀರು ತುಂಬುವ ಸದ್ದು. ಫ್ಲಶ್ ಮಾಡಿದವರು ಮಾತ್ರ ಯಾರೂ ಇಲ್ಲ. ಎಲ್ಲರೂ ಮಲಗಿದ್ದಾರೆ. ಎದ್ದು ಹೋಗಿ ತಲೆ ಎಣಿಸಿಕೊಂಡೇ ಬಂದೆ. ಸ್ವಲ್ಪ ಹೊತ್ತಿಗೆ ಟ್ಯಾಂಕು ಸುಮ್ಮನಾಯಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ ಸುಂಯ್. ಬೆಳಗಿನ ಹೊತ್ತಿಗೆ ನಾನು ಗಡಿಯಾರ ನೋಡದೆ ಟೈಮ್ ಹೇಳುವಷ್ಟು ಪಳಗಿದ್ದೆ.

ಟಾಯ್ಲೆಟ್ಟಿಗೂ ಗಡಿಯಾರಕ್ಕೂ ಹಳೇ ನಂಟು, ಬಿಡಿ. ಕಮೋಡಿನ ಕೆಳಗೆ ಕೊಳವೆ ಬಾಗಿರುತ್ತದಲ್ಲ, ಅಲ್ಲಿ ಸದಾ ಒಂದಿಷ್ಟು ನೀರು ನಿಂತು ವಾಸನೆ ಮೇಲೆ ಬರದ ಹಾಗೆ ತಡೆಯುತ್ತದೆ. 1775ರಲ್ಲಿ ಆ ಬಾಗಿಗೆ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್, ಕಸುಬಿನಲ್ಲಿ ಗಡಿಯಾರ ಮಾಡುವವನು. ಪುಣ್ಯಾತ್ಮನ ಕೆಲಸ ಇವತ್ತಿಗೂ ನಿಂತಿದೆ. ಅಲ್ಲಿ ಏನೂ ತಿರುಗುವುದಿಲ್ಲ, ಸವೆಯುವುದಿಲ್ಲ, ಬರೀ ಬಾಗು. ರಗಳೆಯೆಲ್ಲ ಮೇಲಿನ ಟ್ಯಾಂಕಿನದು.

ಇಂಥ ಚಿಲ್ಲರೆ ಕೆಲಸಕ್ಕೆ ಪ್ಲಂಬರನ್ನು ಕರೆಯಬಾರದಂತೆ. ನಾವೇ ಮಾಡಿಕೊಳ್ಳಬೇಕಂತೆ. ವಿಡಿಯೊದಲ್ಲಿ ಒಬ್ಬ ನಾಲ್ಕೇ ನಿಮಿಷದಲ್ಲಿ ಮಾಡಿ ಮುಗಿಸಿದ. ಹಾಕಿದ್ದು ಬಿಳಿ ಅಂಗಿ. ಟ್ಯಾಂಕು ಜನ್ಮದಲ್ಲಿ ನೀರು ಕಂಡ ಹಾಗಿರಲಿಲ್ಲ. ನಟ್ಟು ಎರಡೇ ಬೆರಳಿಗೆ ತಿರುಗಿತು. ಹತ್ತು ವರ್ಷ ಗಡಸು ನೀರು ಕುಡಿದು ಕಲ್ಲಾದ ನಲ್ಲಿಯೊಂದನ್ನು ಇವನ ಕೈಗೆ ಕೊಟ್ಟು, ಹೊರಗಿನಿಂದ ಚಿಲಕ ಹಾಕಿಕೊಂಡು ಬರಬೇಕು.

ಅದಕ್ಕಿಂತ ಸಿಟ್ಟು ಬಂದಿದ್ದು ಅವನ ಮೊದಲ ಮಾತಿಗೆ. 'ಫ್ಲಶ್ ಗುಂಡಿ ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆಗೆದು ಪಕ್ಕಕ್ಕಿಡಿ' ಅಂದ. ಯಾವ ಪಕ್ಕಕ್ಕೆ?

ನಮ್ಮದು ಪಿಂಗಾಣಿ ಮುಚ್ಚಳ. ಎತ್ತುವ ತನಕ ಅದರ ತೂಕ ಗೊತ್ತಾಗುವುದಿಲ್ಲ, ಎತ್ತಿದ ಮೇಲೆ ಇಳಿಸಲು ಜಾಗ ಸಿಗುವುದಿಲ್ಲ. ಅಡಿಭಾಗ ಬೆವರಿ ಒದ್ದೆಯಾಗಿರುತ್ತದೆ, ಕೈ ಜಾರುತ್ತದೆ. ಕಮೋಡಿನ ಮೇಲಿಡೋಣ ಅಂದರೆ ಒಳಗೆ ನೋಡುವ ಕೆಲಸ ಇರುವುದೇ ಅಲ್ಲಿ. ನೆಲದ ಮೇಲಿಟ್ಟರೆ ಮೊದಲು ಎಡವುವವನು ನಾನೇ. ವಾಷ್‌ಬೇಸಿನ್ನಿನ ಮೇಲಿಟ್ಟರೆ ಪಿಂಗಾಣಿಯ ಮೇಲೆ ಪಿಂಗಾಣಿ, ಒಡೆದರೆ ಎರಡೂ. ಒಡೆದ ಮುಚ್ಚಳಕ್ಕೆ ಜೊತೆ ಹುಡುಕಿದವರಿಗೆ ಗೊತ್ತು, ಒಂದು ಮಾಡೆಲಿನದು ಇನ್ನೊಂದಕ್ಕೆ ಕೂರುವುದಿಲ್ಲ. ಬೆರಳಗಲದ ವ್ಯತ್ಯಾಸ ಇದ್ದೇ ಇರುತ್ತದೆ. ಬೇಕಂತಲೇ ಹಾಗೆ ಮಾಡುತ್ತಾರೆ ಅನ್ನುವುದು ನನ್ನ ಗುಮಾನಿ.

ಈಗಷ್ಟೇ ಸ್ನಾನ ಮಾಡಿಸಿದ ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡು ನಿಂತಿದ್ದೆ. ನನ್ನವಳು ಬಂದು ನೋಡಿದಳು.

'ಏನ್ರೀ, ಹಾಗೇ ನಿಂತಿದ್ದೀರಿ?'

'ಎಲ್ಲಿಡಲಿ ಅಂತ.'

'ಕೆಳಗಿಡಿ.'

'ಎಲ್ಲಿ ಕೆಳಗೆ?'

ಅವಳೂ ಸುತ್ತ ಕಣ್ಣಾಡಿಸಿದಳು. 'ಹಿಡ್ಕೊಂಡೇ ಇರಿ' ಎಂದು ಹೊರಟುಹೋದಳು.

ಕೊನೆಗೆ ಮಂಚದ ಮೇಲೆ, ನಾನು ಮಲಗುವ ಕಡೆ, ಟವೆಲ್ ಹಾಸಿ ಮಲಗಿಸಿದೆ. ಬಂದು ಟ್ಯಾಂಕಿಗೆ ಒಂದಿಷ್ಟು ಶಾಯಿ ಬಿಟ್ಟೆ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕೆಳಗೆ ಬಣ್ಣ ಇಳಿದರೆ ಟ್ಯಾಂಕಿನ ತಳದ ವಾಷರ್ ಹೋಗಿದೆ ಅಂತ ಅರ್ಥ. ಇಳಿಯಿತು, ನವಿಲಿನ ಕತ್ತಿನ ಬಣ್ಣ. ಟ್ಯಾಂಕಿಗೆ ಬ್ಲೀಚಿಂಗ್ ಮಾತ್ರೆ ಹಾಕಿದರೆ ವಾಷರಿನ ರಬ್ಬರ್ ಬೇಗ ಕೆಡುತ್ತದೆ. ಹಾಕಿದವರು ಯಾರು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಾಷರ್ ಸಿಗಲು ಆರು ದಿನ ಬೇಕಾಯಿತು. ಹೋದಲ್ಲೆಲ್ಲ 'ಪೂರ್ತಿ ಸೆಟ್ಟೇ ಹಾಕಿಸಿಬಿಡಿ' ಅನ್ನುತ್ತಿದ್ದರು. ಬಳೆಯಷ್ಟಗಲದ ರಬ್ಬರಿಗೆ ಇಡೀ ಸೆಟ್ಟು! ಆ ಆರು ದಿನ ಮುಚ್ಚಳ ಮನೆಯೆಲ್ಲ ಸುತ್ತಿತು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಸೋಫಾಕ್ಕೆ. ಮಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಮ್‌ವರ್ಕ್ ಬರೆದ. ಮನೆಗೆ ಬಂದ ಭಾವ ಅದರ ಪಕ್ಕದಲ್ಲಿ ಕೂತು, ಕಾಫಿ ಮುಗಿಯುವ ತನಕ ಏನೂ ಕೇಳದೆ, ಏಳುವಾಗ 'ಶಾಸನ ಕೆತ್ತಿಸೋಕಾ?' ಎಂದರು. ಅಕ್ಕ ನಕ್ಕಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ವಾಷರ್ ಹಾಕಲು ಬೇಕಾಗಿದ್ದು ಹತ್ತು ನಿಮಿಷ. ನಲ್ಲಿ ನಿಲ್ಲಿಸಿ, ನೀರು ಖಾಲಿ ಮಾಡಿ, ಒಳಗಿನ ಗೋಪುರದಂಥದ್ದನ್ನು ಕಾಲು ಸುತ್ತು ತಿರುಗಿಸಿ ಎತ್ತಿದರೆ ತಳದಲ್ಲಿ ಹಳೇ ರಬ್ಬರ್. ಉಬ್ಬಿ ಅಂಟಂಟಾಗಿತ್ತು, ಬೆರಳಿಗೆಲ್ಲ ಮಸಿ. ಹೊಸದನ್ನು ಕೂರಿಸಿ ನೀರು ಬಿಟ್ಟೆ. ತುಂಬಿತು, ನಿಂತಿತು. ಸ್ಟೂಲ್ ಹಾಕಿಕೊಂಡು ಒಂದು ಗಂಟೆ ಕಿವಿಗೊಟ್ಟು ಕೂತೆ. ನಿಶ್ಶಬ್ದ. ಎಲ್ಲರನ್ನೂ ಕರೆದು ಆ ನಿಶ್ಶಬ್ದ ಕೇಳಿಸಿದೆ. ಮಗ 'ಏನೂ ಕೇಳಿಸ್ತಿಲ್ಲ' ಅಂದ. ಅದೇ ಕಣೋ, ಅಂದೆ.

ಮೆರವಣಿಗೆಯಲ್ಲಿ ತಂದ ಹಾಗೆ ಮುಚ್ಚಳ ತಂದು ಮುಚ್ಚಿ, ಗುಂಡಿ ಕೂರಿಸಿದೆ.

ಸುಂಯ್.

ಈ ಸಲ ನಿಲ್ಲಲೇ ಇಲ್ಲ. ಮುಚ್ಚಳ ಎತ್ತಿದೆ, ನಿಂತಿತು. ಮುಚ್ಚಿದೆ, ಸುಂಯ್. ಗುಂಡಿಯ ಕೆಳಗಿನ ಕಡ್ಡಿ ಉದ್ದವಾಗಿ, ಮುಚ್ಚಳ ಕೂತ ಕೂಡಲೇ ಒಳಗಿನ ಗೋಪುರವನ್ನು ಒತ್ತಿಹಿಡಿಯುತ್ತಿದೆ. ದೊಡ್ಡ ಕೆಲಸವೇನಲ್ಲ, ಕಡ್ಡಿಯನ್ನು ಒಂದೆರಡು ಸುತ್ತು ತಿರುಗಿಸಿ ಗಿಡ್ಡ ಮಾಡಿದರೆ ಮುಗಿಯಿತು. ಅದಕ್ಕೆ ಮೊದಲು ಮುಚ್ಚಳ ತೆಗೆದು ಪಕ್ಕಕ್ಕಿಡಬೇಕು, ಅಷ್ಟೇ.